ಮಾವನ ಮನೆಗಾಡಿ

ನನ್ನ ಸೋದರಮಾವನ ಹೆಗಲ ಮೇಲೆ ಯಾವಾಗಲೂ ಒಂದು ಅರಿವೆ ಇರುತ್ತಿತ್ತು. ಹುಟ್ಟಿದಾಗ ಅದು ಬಿಳೀ ಧೋತರದ ತುಂಡಾಗಿತ್ತಂತೆ. ನಾನು ಕಾಣುವ ಹೊತ್ತಿಗೆ ಅದಕ್ಕೆ ಇಂಥದೇ ಬಣ್ಣ ಅಂತ ಇರಲಿಲ್ಲ. ಎಂಜಿನ್ನಿನ ಎಣ್ಣೆ ನೋಡುವ ಕಡ್ಡಿಯನ್ನು ಅದರಲ್ಲೇ ಒರೆಸುತ್ತಿದ್ದ, ಬೆವರಿದ ಕೊರಳನ್ನೂ ಅದರಲ್ಲೇ ಒರೆಸುತ್ತಿದ್ದ. ಉಣ್ಣಲು ಕೂತಾಗ ತಾಟನ್ನೂ ಅದರಲ್ಲೇ ಒಂದು ಸುತ್ತು ತಿರುವಿ, ರೊಟ್ಟಿ ಹಾಕಿಕೊಳ್ಳುತ್ತಿದ್ದ. ಯಾರಾದರೂ ಮುಖ ಕಿವುಚಿದರೆ, "ಎಣ್ಣಿ ಹೊಟ್ಟ್ಯಾಗ ಹೋದ್ರ ಕೀಲು ಸಲೀಸಾಗಿ ಆಡ್ತಾವ" ಎಂದು ನಗುತ್ತಿದ್ದ. ಇದನ್ನು ಬರೆಯುವಾಗಲೂ ನನ್ನ ಕೈ ಮೂಗಿಗೆ ಹೋಗುತ್ತಿದೆ.

ಅವನ ಗಾಡಿ ಆ ಅರಿವೆಗೆ ತಕ್ಕ ಜೋಡಿ. ಕಾಡು ಅಳೆಯುವ ಮೋಜಣಿಗೆ ಬಂದಿದ್ದ ಸಾಹೇಬನೊಬ್ಬ ಹೋದಲ್ಲೆಲ್ಲ ತಂಗುವುದಕ್ಕೆಂದು ಕಟ್ಟಿಸಿಕೊಂಡಿದ್ದ ವ್ಯಾನು ಅದು. ಒಳಗೆ ಎರಡೂ ಬದಿಗೆ ಮಲಗುವ ಹಲಗೆ, ಮಡಚುವ ಮೇಜು, ಸ್ಟೋ ಇಡಲು ತಗಡಿನ ಗೂಡು, ಕಿಟಕಿಗಳಿಗೆ ಪರದೆ. ಹರಾಜಿಗೆ ಬಂದಾಗ ಲಾರಿ ಡ್ರೈವರಾಗಿದ್ದ ಮಾವ ಅದನ್ನು ಹಿಡಿದ. ಹಲಗೆ ಕಿತ್ತು ಸೀಟು ಹಾಕಿಸು ಎಂದು ಎಲ್ಲರೂ ಹೇಳಿದರು. "ಮನಿನೂ ಐತಿ, ಗಾಡಿನೂ ಐತಿ. ಒಂದು ಕಿತ್ತು ಒಂದ್ಯಾಕ ಇಟ್ಕೊಳ್ಳಲಿ?" ಎಂದ. ಊರಿನವರು ಅದನ್ನು ಮನೆಗಾಡಿ ಎಂದು ಕರೆದರು. ಕೂಗಿದರೆ ಕೇಳುವಷ್ಟು ದೂರದ ಅಂಗಡಿಯಿಂದ ಎಲೆಅಡಿಕೆ ತರಲೂ ಅವನಿಗೆ ಮನೆಗಾಡಿ ಬೇಕು, ಕೆರೆಗೆ ಸ್ನಾನಕ್ಕೆ ಹೋಗಲೂ ಬೇಕು. ಸಂತೆಗೆ ಮೆಣಸಿನಕಾಯಿ ಚೀಲ, ದವಾಖಾನೆಗೆ ಜ್ವರದವರು, ಒಮ್ಮೆ ಒಂದು ಎಮ್ಮೆಕರು, ಎಲ್ಲವೂ ಅವನು ಮಲಗುವ ಹಲಗೆಯ ಮೇಲೆಯೇ. ಕರು ಮಾಡಿದ್ದನ್ನು ಮುತ್ತಲ ಎಲೆಯಿಂದ ಬಳಿದು ಚೆಲ್ಲಿ, ಕಂಬಳಿ ಹಾಸಿ, ಅಲ್ಲೇ ಗೊರಕೆ ಹೊಡೆದ ಪುಣ್ಯಾತ್ಮ ಅವನು.

ಆ ಗಾಡಿಯಲ್ಲಿ ನಾನು ದಿನಾ ಶಾಲೆಗೆ ಹೋಗಬೇಕಿತ್ತು. ನಮ್ಮದು ಬನವಾಸಿ ರಸ್ತೆಯ ಮೇಲಿನ ಹಳ್ಳಿ. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಶಿರಸಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್‌ಗೆ ಓದುತ್ತಿದ್ದೆ. ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಮಾವ ಹೇಗೂ ದಿನಾ ಪೇಟೆಗೆ ಚೀಲ ಒಯ್ಯುತ್ತಾನಲ್ಲ, ಮಗಳೂ ಹೋಗಲಿ ಎಂದು ಅಪ್ಪನ ಲೆಕ್ಕಾಚಾರ. ಸೀಮೆಎಣ್ಣೆ, ಹಳಸಿದ ಮಜ್ಜಿಗೆ, ಮಾವನ ಕಂಬಳಿ, ಇವೆಲ್ಲ ಕಲಸಿದ ಗಾಳಿಯಲ್ಲಿ ಸೆರಗನ್ನು ಮೂಗಿಗೊತ್ತಿಕೊಂಡು ಕೂರುತ್ತಿದ್ದೆ. ಒಂದು ದಿನ ಗಣಿತದ ಪಾಠ ನಡೆದಾಗ ನನ್ನ ಪಾಟಿಚೀಲದಿಂದ ಎರಡು ಜಿರಳೆ ಹೊರಟು ಮಾಸ್ತರರ ಮೇಜಿನ ಕಡೆ ನಡೆದವು. ಇಡೀ ತರಗತಿ ನಕ್ಕಿತು. ಅವತ್ತಿನಿಂದ ಮಾವನ ಮುಖ ನೋಡಿದರೂ ನನಗೆ ಜಿರಳೆಯೇ ಕಾಣುತ್ತಿತ್ತು.

ಇಂಥವನಿಗೇ ನನ್ನನ್ನು ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಅವನಿಗೆ ಮೂವತ್ತು ದಾಟಿತ್ತು. ಅವನ ತಾಯಿ, ಅಂದರೆ ನನ್ನ ಆಯಿ, ಹಟ ಹಿಡಿದು ಕೂತಳು. "ಹಾಲು ಹಾಲಿಗೇ ಕೂಡಲಿ. ಮನ್ಯಾಗ ಗಂಡು ಇರೂವಾಗ ಹೊರಗ ಯಾಕ ಹುಡುಕ್ತೀರಿ? ಹುಡುಗಿ ಓದಿ ಏನು ಮಾಮಲೇದಾರಕಿ ಮಾಡತಾಳೇನು?" ಎಂದಳು. ಅವ್ವ ತಮ್ಮನೇ ಅಳಿಯನಾಗುತ್ತಾನೆಂದು ಹಿಗ್ಗಿದಳು. ಸಂಬಂಧ ಗಟ್ಟಿ ಮಾಡಲು ಉಡಿ ತುಂಬುವ ಶಾಸ್ತ್ರಕ್ಕೆ ದಿನ ಹಿಡಿದರು. ಆಮೇಲೆ ಶಾಲೆ ಬಂದ್. ನನ್ನನ್ನು ಯಾರೂ ಕೇಳಲಿಲ್ಲ. ಆ ಹಲಗೆಯ ಮೇಲೆ, ಆ ಕಂಬಳಿಯೊಳಗೆ ನನ್ನ ಬಾಳು ಎಂದು ನೆನೆದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಶಾಸ್ತ್ರಕ್ಕೆ ಮೂರು ದಿನ ಇರುವಾಗ ಮಾವ ಶಾಲೆಯಿಂದ ಬರುವ ದಾರಿಯಲ್ಲಿ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದ. ಹಿಂದೆ ತಿರುಗದೆ ಕೇಳಿದ.

"ಖರೇ ಹೇಳು. ನಿನಗ ನಾ ಬ್ಯಾಡ, ಹೌದಿಲ್ಲೋ?"

"ಬ್ಯಾಡ."

"ಗಾಡಿ ವಾಸನಿಗೋ, ನನ್ನ ವಾಸನಿಗೋ?"

"ಎರಡೂ ಒಂದ."

ಅವನು ನಕ್ಕ. ನೀನೇ ಒಲ್ಲೆ ಅಂದುಬಿಡು ಮಾವ ಎಂದೆ. "ಹುಚ್ಚಿ, ಗಂಡು ಒಲ್ಲೆ ಅಂದ್ರ ಹುಡುಗಿಗೆ ಐಬು ಹಚ್ಚತಾರ. ಸ್ವಂತ ಮಾವನ ಒಲ್ಲೆ ಅಂದಾನ, ಏನೋ ಇರಬೇಕು ಅಂತಾರ. ನೀ ಒಲ್ಲೆ ಅಂದ್ರ ನಮ್ಮವ್ವ ನಿನ್ನ ಸೀಳ್ತಾಳ. ನಾ ನೋಡ್ಕೊಂತೀನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ, ಅಷ್ಟ ಸಾಕು" ಎಂದು ಗಾಡಿ ಚಾಲೂ ಮಾಡಿದ.

ಉಡಿ ತುಂಬುವ ಬೆಳಿಗ್ಗೆ ಶಾಸ್ತ್ರ ನಡೆಸುವ ಅಯ್ಯನವರನ್ನೂ ಆಯಿಯನ್ನೂ ಇಬ್ಬರು ಹಿರಿಯರನ್ನೂ ಮಾವನೇ ಗಾಡಿಯಲ್ಲಿ ಕರೆತಂದ. ಗಾಡಿ ಮನೆ ಮುಂದೆ ನಿಲ್ಲುವ ಮೊದಲೇ ಆ ನಾತ ಪಡಸಾಲೆಗೆ ಬಂತು. ಮಾವ ಹಿಂದಿನ ದಿನ ದೇವಿಮನೆ ಘಟ್ಟ ಇಳಿದು ಕುಮಟೆಯಿಂದ ಶಿರಸಿ ಪೇಟೆಗೆ ಒಣಮೀನಿನ ಬುಟ್ಟಿ ಹೇರಿದ್ದ. ತೊಳೆದಿರಲಿಲ್ಲ. ಹತ್ತಿದವರು ಎಷ್ಟು ಕೂಗಿದರೂ ದಾರಿಯಲ್ಲಿ ಎಲ್ಲೂ ನಿಲ್ಲಿಸಿರಲಿಲ್ಲವಂತೆ. ತಿನ್ನುವವರಿಗೆ ಅದು ಊಟವೇ ಇರಬಹುದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಮಂದಿಗೆ ಅದಕ್ಕಿಂತ ಹೇಸಿಗೆ ಬೇರೆ ಇರಲಿಲ್ಲ. ಅಯ್ಯನವರು ಇಳಿದವರೇ ಬೇಲಿ ಹಿಡಿದುಕೊಂಡು ಕಾರಿದರು. ಅವರ ರೇಷ್ಮೆ ಮಡಿಯ ಹಿಂಬದಿಗೆ ಮೀನಿನ ಪೊರೆಗಳು ಅಂಟಿ ಬಿಸಿಲಿಗೆ ಮಿನುಗುತ್ತಿದ್ದವು.

"ಅಯ್ನೋರನ್ನ ಮೀನದ ಗಾಡ್ಯಾಗ ಕುಂದ್ರಿಸಿದ್ಯಲ್ಲೋ, ನಿನ್ನ ಹಡೆದ ಹೊಟ್ಟಿಗೆ ಬೆಂಕಿ ಬೀಳಲಿ!" ಎಂದು ಆಯಿ ಎದೆ ಎದೆ ಬಡಿದುಕೊಂಡಳು.

ಮಾವ ಆ ಅರಿವೆಯಿಂದ ಕೈ ಒರೆಸಿಕೊಳ್ಳುತ್ತ, "ಬಾಡಿಗಿ ಬಂತು, ಹೇರಿದೆ. ಗಾಡಿಗೇನು ಜಾತಿ ಐತೇನು?" ಎಂದ.

"ಇಂಥಾವಗ ನನ್ನ ಮಗಳನ್ನ ಕೊಡಂಗಿಲ್ಲ. ನಡಿ ಹೊರಗ!" ಎಂದು ಅಪ್ಪ ಕೂಗಿದ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಕುಣಿಯುವಷ್ಟು ಸಂತೋಷ. ಹೊರಗೆ ಎಲ್ಲರ ಹಾಗೆ ಮೂಗು ಮುಚ್ಚಿಕೊಂಡು, ಎಲ್ಲರ ಹಾಗೆ ಅವನನ್ನು ದುರುಗುಟ್ಟಿ ನೋಡಿದೆ. ಅದರಲ್ಲಿ ನಟನೆ ಅರ್ಧ ಮಾತ್ರ. ನನಗೋಸ್ಕರ ಮಾಡಿದ್ದಾನೆಂದು ಗೊತ್ತಿದ್ದೂ ಅವನು ನನಗೆ ಹೇಸಿಗೆಯಾಗಿಯೇ ಕಂಡ.

ನಾನು ಪಾಸಾದೆ, ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದೆ, ಯಲ್ಲಾಪುರದಲ್ಲಿ ಕನ್ನಡ ಶಾಲೆಗೆ ಸೇರಿದೆ. ಮಾವ ಮತ್ತೆ ಮೀನು ಹೇರಲಿಲ್ಲ. ಹಲಗೆಗಳಿಗೆ ಸಗಣಿ ತಿಕ್ಕಿದ, ಹುಣಸೆಹಣ್ಣು ತಿಕ್ಕಿದ. ಮಳೆಗಾಲದ ಥಂಡಿಗೆ ನಾತ ಮತ್ತೆ ಏಳುತ್ತಿತ್ತು. ಕೊನೆಗೆ ಹಲಗೆಗಳನ್ನೇ ಬದಲಿಸಿದ. ಆದರೆ ಮೀನಿನವ ಎಂಬ ಹೆಸರನ್ನು ಬದಲಿಸುವವರು ಯಾರು? ಒಂದು ಕಡೆಯಿಂದಲೂ ಅವನಿಗೆ ಹೆಣ್ಣು ಬರಲಿಲ್ಲ.

ಕಡೆಗೂ ಒಂದು ಸಂಬಂಧ ಕೂಡಿಬಂತು. ಹುಲಗೋಳದ ಕಡೆಯ ರೈತರೊಬ್ಬರು ಮಗಳನ್ನು ಕೊಡಲು ಮನಸ್ಸು ಮಾಡಿ, ವಿಚಾರಿಸಲೆಂದು ನನ್ನ ಶಾಲೆಯ ತನಕ ಬಂದರು. ಜಗಲಿಯ ಮೇಲೆ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ನೀವು ಅಕ್ಕನ ಮಗಳು, ಕಲಿತವರು. ನಿಮ್ಮ ಮಾತಿನ ಮ್ಯಾಲ ಹೋಗ್ತೀನಿ ಅಕ್ಕೋರ. ಮಂದಿ ಮೀನು ಹೇರಿದಾಂವ ಅಂತಾರ. ಖರೇ ಏನ್ರಿ?"

ಆಗ ನನಗೆ ಹಾವೇರಿಯ ಕಡೆ ಗಂಡು ಗೊತ್ತಾಗಿ ಒಂದು ತಿಂಗಳಾಗಿತ್ತು. ಯಾಕೆ ಹೇರಿದನೆಂದು ಹೇಳಿದರೆ ಆ ಮಾತು ಅಲ್ಲಿಗೆ ಮುಟ್ಟುತ್ತದೆ. ಹಿರಿಯರ ಕಣ್ಣಿಗೆ ಮಣ್ಣೆರಚಿ ಮಾವನೊಂದಿಗೆ ಸಂಚು ಹೂಡಿದ ಹುಡುಗಿ ಎಂದಾಗುತ್ತದೆ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಉಸಿರಿನ ಹೊತ್ತೂ ಬೇಕಾಗಲಿಲ್ಲ.

"ಖರೇರಿ" ಎಂದೆ.

ಅವರು ಟೊಪ್ಪಿಗೆ ಹಾಕಿಕೊಂಡು ಎದ್ದರು. ಮಾವನಿಗೆ ಸುದ್ದಿ ಮುಟ್ಟಿತು. ಮರುವಾರ ಯಲ್ಲಾಪುರಕ್ಕೆ ಬಾಡಿಗೆ ಬಂದವನು ಶಾಲೆಯ ಮುಂದೆ ಗಾಡಿ ನಿಲ್ಲಿಸಿ, ಅವ್ವ ಕೊಟ್ಟ ರೊಟ್ಟಿಯ ಗಂಟನ್ನು ನನ್ನ ಕೈಗಿತ್ತ. ನಾನು ತಲೆ ಎತ್ತಲಿಲ್ಲ. "ಸುಳ್ಳೇನು ಹೇಳಿಲ್ಲ ಬಿಡು ನೀ. ಹೇರಿದ್ದು ಖರೇನ ಐತಿ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಮದುವೆಯಲ್ಲಿ ಕೈ ಹಿಡಿದು ಹಂದರಕ್ಕೆ ಕರೆತರುವುದು ಸೋದರಮಾವನ ಕೆಲಸ. ಕೈಗಳನ್ನು ಇಟ್ಟಂಗಿ ಪುಡಿಯಿಂದ ತಿಕ್ಕಿ ತಿಕ್ಕಿ ಕೆಂಪಾಗಿಸಿಕೊಂಡು ಬಂದಿದ್ದ. ನಡೆಯುತ್ತ ನನ್ನ ಕಿವಿಯ ಹತ್ತಿರ ಮೆಲ್ಲಗೆ, "ವಾಸನಿ ಬರ್ತೈತೇನು?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ.

ಎರಡು ವರ್ಷದ ಮೇಲೆ ಕಾಮಾಲೆಯಾಗಿ ಶಿರಸಿಯ ದವಾಖಾನೆಯಲ್ಲಿ ತೀರಿಕೊಂಡ. ನಾನು ಹಾವೇರಿಯಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವ್ವ ನನ್ನ ಭುಜಕ್ಕೆ ಒರಗಿ ಅತ್ತಳು. "ಹಾಳು ಮೀನು ಹೇರದಿದ್ರ ನನ್ನ ತಮ್ಮಗೂ ಒಂದು ಸಂಸಾರ ಆಗತಿತ್ತು. ಯಾಕ ಹೇರಿದನೋ, ಯಾವ ದೆವ್ವ ಹೊಕ್ಕಿತ್ತೋ!"

"ಯಾರಿಗೆ ಗೊತ್ತವ್ವ" ಎಂದೆ.

ಆಯಿ ಮೊದಲೇ ಹೋಗಿದ್ದಳು. ಆಮೇಲೆ ಅಪ್ಪ ಹೋದ, ನನ್ನ ಗಂಡ ಹೋದರು, ಕೊನೆಗೆ ಅವ್ವನೂ ಹೋದಳು. ಹೇಳಬೇಕಾಗಿದ್ದವರಲ್ಲಿ ಒಬ್ಬರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಈಗ ಬರೆಯಲು ಕೂತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.