ಮುಕಿಲ್ಟಿಯೊದಲ್ಲಿ ಬಲೆ ಎಳೆಯುವ ಕೂಗು

1989ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟು ಗಂಗೊಳ್ಳಿಯಲ್ಲಿ ಅಪ್ಪನ ಮೀನು ದೋಣಿ ಹತ್ತಿದವನು ನಾನು. ಈಗ ಸಿಯಾಟಲ್ ಸುತ್ತಮುತ್ತ ಮರಗೆಲಸ ಮಾಡುತ್ತೇನೆ. ಓದು ಎಷ್ಟೆಂದು ಯಾರಾದರೂ ಕೇಳಿದರೆ ‘ಡಿಪ್ಲೊಮಾ’ ಎಂದು ಸುಳ್ಳು ಹೇಳುವುದು ರೂಢಿಯಾಗಿಬಿಟ್ಟಿತ್ತು.

ಕಳೆದ ತಿಂಗಳು ಅಲ್ಲೇ ಹತ್ತಿರದ ಕಡಲತಡಿಯ ಊರು ಮುಕಿಲ್ಟಿಯೊದಲ್ಲಿ ವಯಸ್ಸಾದ ಪ್ರೊಫೆಸರಮ್ಮ ಒಬ್ಬರ ಮನೆಗೆ ಪುಸ್ತಕದ ಕಪಾಟು ಕೂರಿಸಲು ಹೋಗಿದ್ದೆ. ಭಾರದ ಹಲಗೆ ಎತ್ತುವಾಗ, ಬಲೆ ಎಳೆಯುತ್ತಾ ಅಪ್ಪ ಕೂಗುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು: “ಐಸಾ... ಎಳಿ ಮಾರಾಯಾ, ಐಸಾ!”

ಆಕೆ ಓದುತ್ತಿದ್ದ ಪುಸ್ತಕ ಮಡಚಿದರು. ಮತ್ತೊಮ್ಮೆ ಹೇಳಿ ಎಂದು ಕಣ್ಣು ಮುಚ್ಚಿ ಕೂತರು. ನಾನು ಹೇಳುತ್ತಾ ಹೋದೆ. ಕಿಟಕಿಯಾಚೆ ಮಂಜಿನಲ್ಲಿ ಜನ ದಾಟಿಸುವ ಫೆರ್ರಿ ಹಡಗು ಕೂಗಿತು. ಅರೆಗಳಿಗೆ ಅದು ನಮ್ಮ ಗಂಗೊಳ್ಳಿಯ ಕಡಲೇ ಅನ್ನಿಸಿತು.

ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟಿಕ್ ಭಾಷೆಗಳಿಗೇ ಆಕೆ ಜೀವಮಾನ ಕೊಟ್ಟವರಂತೆ. ದ್ವೀಪದಿಂದ ದ್ವೀಪಕ್ಕೆ ಅಲೆದು ಮುದುಕರ ಮಾತು ಬರೆದುಕೊಂಡವರಂತೆ.

“ನೀವು ಓದಿದ್ದೆಲ್ಲಿ?” ಎಂದರು. ಆ ಕಣ್ಣುಗಳೆದುರು ಸುಳ್ಳು ಬರಲಿಲ್ಲ. “ಏಳನೇ ಕ್ಲಾಸಿಗೇ ಬಿಟ್ಟೆ, ಮೇಡಂ.”

“ನನಗೆ ಕಲಿಸಿದ ಮೀನುಗಾರರು ಅಷ್ಟೂ ಓದಿರಲಿಲ್ಲ,” ಎನ್ನುತ್ತಾ ಹಳೆಯ ನೋಟ್‌ಬುಕ್ ತೆರೆದರು. ‘ನನ್ನ ಗುರುಗಳು’ ಎಂಬ ಪಟ್ಟಿಯ ಕೊನೆಗೆ, ಒಂದೊಂದೇ ಅಕ್ಷರ ಕೇಳಿಕೊಂಡು ನನ್ನ ಹೆಸರು ಬರೆದರು.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ನಗುವೋ ನಗು: “ಶಾಲಿ ಬಿಟ್ಟವ್ರ್ ಈಗ ಮಾಷ್ಟ್ರ್ ಆದ್ರ್ಯಾ?”

ಡಿಪ್ಲೊಮಾದ ಮಾತನ್ನು ಅಂದಿಗೇ ಬಿಟ್ಟೆ. ನನ್ನಲ್ಲಿರುವುದು ಎರಡು ವ್ಯಾನ್, ಐವರು ಕೆಲಸಗಾರರು, ಶೋರ್‌ಲೈನ್ ಎಂಬ ಊರಲ್ಲಿ ಒಂದು ಮನೆ, ಎಂಬತ್ತು ದಾಟಿದ ಒಬ್ಬ ಶಿಷ್ಯೆ.