ರಮಾಕಾಂತಣ್ಣನಿಗೆ ಬಂದಿದ್ದ ಪತ್ರ

ಕೆಡಬಹುದಾದದ್ದನ್ನೆಲ್ಲ ನಾನು ಮೊದಲೇ ಯೋಚಿಸಿಟ್ಟಿದ್ದೆ, ರಮಾಕಾಂತಣ್ಣ. ಸಿಡಿಲು ಬಡಿದು ಮೋಡೆಮ್ ಸುಡಬಹುದಿತ್ತು. ಕಾರವಾರದ ಉಪ್ಪುಗಾಳಿಗೆ ಕಂಪ್ಯೂಟರಿನ ಹೊಟ್ಟೆಯೊಳಗೆ ತುಕ್ಕು ಹಿಡಿಯಬಹುದಿತ್ತು. ಇರುವೆ ಗೂಡು ಕಟ್ಟಬಹುದಿತ್ತು, ಯಾರದೋ ಫ್ಲಾಪಿಯಿಂದ ವೈರಸ್ ಬರಬಹುದಿತ್ತು. ಪೊಲೀಸರು ಬಂದು ‘ಇದೆಂತದು’ ಎಂದು ಕೇಳಬಹುದಿತ್ತು — ಅದಕ್ಕೆ ಉತ್ತರ ಬಾಯಿಪಾಠವಾಗಿತ್ತು. ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ನಿಮಗೆ ಬಂದಿದ್ದ ಒಂದು ಪತ್ರವನ್ನು ನಾನು ಅಳಿಸಿದೆ. ನೀವು ಕೇಳಿದಾಗ, ಬಂದೇ ಇಲ್ಲ ಎಂದೆ.

ಇಂಟರ್‌ನೆಟ್ ಆಗಲೇ ಊರಿಗೆ ಬಂದಿತ್ತು. ಆದರೂ ನನ್ನ ಟೈಪಿಂಗ್ ಕ್ಲಾಸಿನ ಮೂಲೆಯ ಕಂಪ್ಯೂಟರಿಗೆ ನೀವು ಹತ್ತು ಹನ್ನೆರಡು ಮಂದಿ ನಿಮ್ಮ ಕಂಪ್ಯೂಟರಿನಿಂದ ಫೋನು ಹಚ್ಚುತ್ತಿದ್ದಿರಿ — ಒಬ್ಬರಾದ ಮೇಲೆ ಒಬ್ಬರು. ಪತ್ರ ಓದಿ, ಪತ್ರ ಬಿಟ್ಟು, ಫೋನು ಇಡುವುದು. ಅಷ್ಟೇ ಆ ಬುಲೆಟಿನ್ ಬೋರ್ಡು. ಅದನ್ನು ನಡೆಸುವ ತಂತ್ರಾಂಶಗಳೋ, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಹಸಿರು ಚೌಕಟ್ಟಿನೊಳಗಿಂದ ಹೆಸರು ಹಿಡಿದು ಸ್ವಾಗತಿಸುತ್ತಿತ್ತು. ಒಂದು ಗುಮಾಸ್ತನ ಹಾಗೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಮತ್ತೊಂದರಲ್ಲಿ ಪತ್ರಕ್ಕಿಂತ ಆಟವೇ ಹೆಚ್ಚು. ಈಗಲೂ ನೆನೆದರೆ ಜೀವ ಹಿಗ್ಗುತ್ತದೆ — ಹಿಗ್ಗಬಾರದು, ಗೊತ್ತು. ಜನ ಕಿಟಕಿಯ ಪರದೆ ಬದಲಿಸುವಂತೆ ನಾನು ತಂತ್ರಾಂಶ ಬದಲಿಸುತ್ತಿದ್ದೆ. ಅಂಕೋಲೆಯ ನಿಮ್ಮ ಐಸ್ ಫ್ಯಾಕ್ಟರಿಯಿಂದ ನೀವು ಬೈಯುತ್ತಿದ್ದಿರಿ:

“ಹೋದ ತಿಂಗ್ಳು ‘ಜಿ’ ಒತ್ತಿದ್ರೆ ಪತ್ರ ಬತ್ತಿತ್ತು. ಈಗ ‘ಜಿ’ ಒತ್ತಿದ್ರೆ ಫೋನೇ ಇಡ್ತದಲ್ಲಾ ಮಾರಾಯಾ! ಇದ್ದದ್ದು ಸಾಕು, ಬಿಡಾ.”

ಬಿಡಲಿಲ್ಲ.

ಆ ವರ್ಷದ ಮಳೆಗಾಲ. ಮುಂಬಯಿಯ ಗೆಳೆಯನಿಂದ ಹೊಸದೊಂದು ತಂತ್ರಾಂಶ ಬಂತು. ಎಂಟು ದಿನದಲ್ಲಿ ಪತ್ರ ಓದಿಕೊಳ್ಳಿ ಎಂದು ಬೋರ್ಡಿನಲ್ಲಿ ಹಾಕಿದೆ. ಎಲ್ಲರೂ ಓದಿಕೊಂಡರು. ನಿಮ್ಮ ಫೋನಿನ ತಂತಿ ಮಾತ್ರ ಮಳೆಗೆ ಸತ್ತಿತ್ತು. ಆ ಎಂಟು ದಿನದೊಳಗೇ, ವಾಸ್ಕೋದ ಯಾವುದೋ ಕಂಪ್ಯೂಟರಿನಿಂದ ನಮ್ಮ ಬೋರ್ಡಿಗೆ ನಿಮಗೊಂದು ಪತ್ರ ಬಂದು ಕೂತಿತು — ದೋಣಿ ಮಾರುವ ಮಾತಿಗೆ ಜಗಳವಾಡಿ ಮನೆ ಬಿಟ್ಟ ನಿಮ್ಮ ತಮ್ಮ ಉಮೇಶನದು. ಫೋನಿನಲ್ಲಿ ನಿಮ್ಮ ದನಿ ಕೇಳುವ ಧೈರ್ಯ ಅವನಿಗೆ ಇದ್ದಿರಲಿಕ್ಕಿಲ್ಲ.

ನಾನು ಓದಿದೆ. ‘ಇಲ್ಲಿ ಯಾರ ಪತ್ರವನ್ನೂ ಯಾರೂ ಓದುವುದಿಲ್ಲ’ ಎಂದು ಬೋರ್ಡಿನ ಬಾಗಿಲಲ್ಲೇ ಬರೆದಿಟ್ಟವನು ನಾನೇ. ಪ್ರತಿಯೊಂದನ್ನೂ ಓದುತ್ತಿದ್ದವನೂ ನಾನೇ. ಬೋರ್ಡಿನ ಒಳಿತಿಗೆ, ಜಾಗ್ರತೆಗೆ — ಎಂದುಕೊಳ್ಳುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ: “ದಾದಾ, ಚೌತಿಗೆ ಬರ್ಲಾ? ಬಾ ಅಂದ್ರೆ ಬತ್ತೆ. ಉತ್ತರ ಬರದಿದ್ರೆ ಬೇಡ ಅಂತ ತಿಳ್ಕಂತೆ.”

ತಂತ್ರಾಂಶ ಬದಲಿಸುವಾಗ ಹಳೆಯ ಪತ್ರಗಳನ್ನು ಫ್ಲಾಪಿಗೆ ತೆಗೆದಿಟ್ಟು, ಕಂಪ್ಯೂಟರ್ ಖಾಲಿ ಮಾಡಿ, ಹೊಸದನ್ನು ಹಾಕಿ, ಪತ್ರಗಳನ್ನು ಮರಳಿ ತುಂಬಬೇಕು. ತೆಗೆದಿಟ್ಟೆ. ಖಾಲಿ ಮಾಡಿದೆ. ಆಮೇಲೆ, ಮುಂಬಯಿಯ ಫ್ಲಾಪಿ ಕೆಟ್ಟರೆ ಏನು ಗತಿ ಎಂಬ ಚಿಂತೆ ಹತ್ತಿತು. ಇನ್ನೊಂದು ಪ್ರತಿ ಇರಲಿ ಎಂದು ಕೈಗೆ ಸಿಕ್ಕ ಫ್ಲಾಪಿಗೆ ನಕಲು ಹೊಡೆದೆ. ಸಿಕ್ಕದ್ದು ಅದೇ — ಪತ್ರಗಳಿದ್ದ ಫ್ಲಾಪಿ. ಹೆಸರಿನ ಚೀಟಿ ಆಮೇಲೆ ಅಂಟಿಸೋಣ ಎಂದು ಹಾಗೇ ಇಟ್ಟಿದ್ದೆ. ನಕಲು ಮೇಲೆ ಕೂತು ಪತ್ರಗಳೆಲ್ಲ ಅಳಿಸಿಹೋದವು.

ಚೌತಿಗೆ ಇನ್ನು ನಾಲ್ಕು ದಿನ. ನೀವು ಬಸ್ಸು ಹತ್ತಿ ಕ್ಲಾಸಿಗೇ ಬಂದಿರಿ, ಒದ್ದೆ ಕೊಡೆ ಬಾಗಿಲ ಹೊರಗಿಟ್ಟು.

“ನಂಗೆ ಎಂತಾದ್ರೂ ಬಂದಿತ್ತನಾ?”

“ಎಂತದೂ ಇಲ್ಲ, ರಮಾಕಾಂತಣ್ಣ.”

“ಸಮಾ ನೋಡಿದ್ಯನಾ?”

“ನೋಡ್ದೆ.”

ಫ್ಲಾಪಿ ಹಾಳಾದದ್ದು ಕೈತಪ್ಪು. ಆದರೆ ಪತ್ರದ ಅಷ್ಟೂ ಮಾತು ನನ್ನ ತಲೆಯಲ್ಲಿತ್ತು. ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು — ಅಂದೇ ನೀವು ಎಸ್‌ಟಿಡಿ ಬೂತಿಗೆ ಓಡುತ್ತಿದ್ದಿರಿ. ಹೇಳಿದರೆ, ನಿಮ್ಮ ಪತ್ರ ಓದುವವ ನಾನು ಎಂದು ಗೊತ್ತಾಗುತ್ತಿತ್ತು. ಹತ್ತು ಹನ್ನೆರಡು ಮಂದಿಯ ಎದುರು ನನ್ನ ಮರ್ಯಾದೆ... ಅದರ ತೂಕ ಎಷ್ಟಿತ್ತೋ. ನಿಮ್ಮ ತಮ್ಮನಿಗಿಂತ ಹೆಚ್ಚು ಎಂದು ಆ ಮಧ್ಯಾಹ್ನ ತೂಗಿದೆ.

ಉಮೇಶ ಆ ಚೌತಿಗೆ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಮೂರನೆಯ ವರ್ಷ, ಕಾಮಾಲೆಯಲ್ಲಿ ಹೋದನೆಂದು ವಾಸ್ಕೋದಿಂದ ಸುದ್ದಿ ಬಂತು. ದಹನ ಮುಗಿಸಿ ಮರಳುವಾಗ ಜೀಪಿನಲ್ಲಿ ನಿಮ್ಮ ಪಕ್ಕ ಕೂತಿದ್ದವನು ನಾನೇ. ಕಾಳಿ ಸೇತುವೆಯ ಮೇಲೆ ನೀವು ಹೇಳಿದಿರಿ:

“ಹಟಮಾರಿ. ಒಂದ್ ಶಬ್ದ ಬರೀಲಿಲ್ಲ ನೋಡಾ ನಂಗೆ.”

ನಾನು ತಲೆಯಾಡಿಸಿದೆ. ಹೌದು ಎಂದು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಅಂಕೋಲೆಗೆ ಬಂದು, ನಿಮ್ಮೆದುರು ನಿಂತು ಓದುತ್ತೇನೆ. ಆಮೇಲೆ ನೀವು ಏನು ಹೇಳಿದರೂ, ಏನೂ ಹೇಳದಿದ್ದರೂ — ಅದು ನನಗೆ ಸಲ್ಲಬೇಕಾದದ್ದು. ಅವನು ಬರೆದಿದ್ದ, ರಮಾಕಾಂತಣ್ಣ. ಬಾ ಎನ್ನುವುದು ನಿಮಗೆ ಬಿಟ್ಟದ್ದಾಗಿತ್ತು, ನಾನು ಬಿಡಲಿಲ್ಲ.