ಬಾಲ್ಕನಿಗೆ ನೂಕಿದ ತೊಟ್ಟಿಲು

ಠಾಣೆ ಶಹರದ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿ ಮಗಳಿಗೆ ಆರು ತಿಂಗಳು ತುಂಬಿದ ವಾರ, ಅವಳು ಎಡೆಬಿಡದೆ ರೆಪ್ಪೆ ಬಡಿಯತೊಡಗಿದಳು. ಹಸುಗೂಸುಗಳು ದೊಡ್ಡವರಿಗಿಂತ ತೀರ ಕಡಿಮೆ ರೆಪ್ಪೆ ಬಡಿಯುತ್ತವೆಂದು ಓದಿ ತಿಳಿದಿದ್ದೆ. ಆದ್ದರಿಂದ ಹೆದರಿದೆ. ಹೆದರಿದ ಮರುಗಳಿಗೆಯೇ ಅಪರಾಧಿಯನ್ನೂ ಗೊತ್ತುಮಾಡಿದೆ: ಅತ್ತೆಯವರು ಹಚ್ಚುವ ಕಣ್ಣುಕಪ್ಪು.

ಧಾರವಾಡದ ಕಡೆಯ ಅತ್ತೆ, ನಾನು ಕೆಲಸಕ್ಕೆ ಮರಳಿದಾಗ ಮಗುವನ್ನು ನೋಡಿಕೊಳ್ಳಲೆಂದು ಬಂದವರು. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲಿಟ್ಟು, ಕಟ್ಟಿದ ಮಸಿಯನ್ನು ತುಪ್ಪದಲ್ಲಿ ಕಲಸಿ, ತವರಿನಿಂದ ಬಂದ ಬೆಳ್ಳಿಯ ಭರಣಿಯಲ್ಲಿ ತುಂಬಿಟ್ಟಿದ್ದರು. ಎರೆದ ಮೇಲೆ ಕೂಸಿನ ಕಣ್ಣಂಚಿಗೆ ಬೆರಳಿನಿಂದ ಹಚ್ಚುವರು. ಎಳೆಗಣ್ಣಿಗೆ ಮಸಿಯೂ ಕೇಡು, ಉಗುರೂ ಕೇಡು. ಈ ಮಾತಿನಲ್ಲಿ ನಾನು ಇಂದಿಗೂ ರಾಜಿಯಾಗಿಲ್ಲ. ಆದರೆ ಅಂದು ಆ ಭರಣಿಯನ್ನು, ಮನೆಗೆಲಸದಾಕೆಯೂ ನೋಡುತ್ತಿರುವಂತೆ, ಕಸದ ಡಬ್ಬಿಗೆ ಎಸೆದೆ.

“ನಿನ್ನ ಗಂಡಗೂ ಇದ ಕಪ್ಪ ಹಚ್ಚೇನಿ. ಅಂವೇನ ಕುರುಡ ಆಗ್ಯಾನೇನು?” ಎಂದರು ಅತ್ತೆ.

“ಅದು ಅವರ ಅದೃಷ್ಟ,” ಎಂದೆ.

ಅತ್ತೆ ಮತ್ತೆ ಕಪ್ಪು ಮಾಡಲಿಲ್ಲ. ಎರಡು ವಾರ ಕಳೆಯಿತು. ರೆಪ್ಪೆ ಬಡಿಯುವುದು ನಿಲ್ಲಲಿಲ್ಲ, ಕಣ್ಣು ಕೆಂಪಾಗಿ ನೀರೂ ಸೋರಿತು. ಕದ್ದು ಹಚ್ಚುತ್ತಿದ್ದೀರಾ ಎಂದು ಅವರನ್ನು ಕೇಳಿದೆ. ಅವರು ಮಸಿಯಿಲ್ಲದ ಎರಡು ಅಂಗೈಗಳನ್ನೂ ನನ್ನ ಮುಂದೆ ಬಿಡಿಸಿ ಹಿಡಿದರು.

ಠಾಣೆಯ ಕಣ್ಣಿನ ಡಾಕ್ಟರು ಮಗುವಿನ ರೆಪ್ಪೆಯನ್ನು ಮೆಲ್ಲನೆ ಸರಿಸಿ ನೋಡಿದರು. ಕಪ್ಪು ನಿಲ್ಲಿಸಿದ್ದನ್ನು ನಾನು ಸಾಧನೆಯಂತೆ ಹೇಳಿದೆ. ಒಳ್ಳೆಯದು, ಇನ್ನು ಹಚ್ಚಲೇಬೇಡಿ ಎಂದರು. ಆಮೇಲೆ, ಮಗು ಬೆಳಿಗ್ಗೆಯೆಲ್ಲ ಎಲ್ಲಿರುತ್ತದೆ ಎಂದು ಮರಾಠಿಯಲ್ಲಿ ಕೇಳಿದರು.

ಬಾಲ್ಕನಿಯಲ್ಲಿ. ನಾನು ಓದಿದ ಶಾಲೆಯಲ್ಲಿ ಪಾಠಗಳು ಮರದಡಿ ನಡೆಯುತ್ತಿದ್ದವು. ಮಗುವನ್ನು ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಬೆಳೆಸುವುದು ಅನ್ಯಾಯವೆಂದು ನಂಬಿದವಳು ನಾನು. ತೊಟ್ಟಿಲನ್ನು ದಿನವೂ ಹೊರಗೆ ನೂಕುತ್ತಿದ್ದವಳೂ ನಾನೇ. ಬಾಲ್ಕನಿಯ ಕೆಳಗೆ ಹೊಸ ಟವರು ಏಳುತ್ತಿತ್ತು. ಬಿಲ್ಡರು ಧೂಳು ತಡೆಯುವ ಪರದೆ ಕಟ್ಟಿರಲಿಲ್ಲ, ನೀರು ಚಿಮುಕಿಸುತ್ತಿರಲಿಲ್ಲ. ಸಿಮೆಂಟು ಮಂಜಿನಂತೆ ಮೇಲೇರಿ ಬರುತ್ತಿತ್ತು. ಆ ಧೂಳಿನ ವಿರುದ್ಧ ನಗರಪಾಲಿಕೆಗೆ ಎರಡು ಅರ್ಜಿ ಬರೆದಿದ್ದೆ. ಎರಡರಲ್ಲೂ ಕೂಲಿಕಾರರ ಶ್ವಾಸಕೋಶದ ಮಾತಿತ್ತು. ತೊಟ್ಟಿಲಿನ ಮಾತು ಇರಲಿಲ್ಲ.

ಅತ್ತೆ ಹೇಳಿದ್ದರು. ಭರಣಿ ಎಸೆಯುವ ಮೊದಲೇ, “ಬಾಗಲಾ ಮುಚ್ಚವಾ, ಕೂಸಿನ ಕಣ್ಣಾಗ ಧೂಳ ಹೊಂಟೈತಿ” ಎಂದಿದ್ದರು. ಗಾಳಿಯೆಂದರೆ ಭಯಪಡುವ ಹಳೆಯ ಕಾಲದವರ ಮಾತೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಬಾಗಿಲು ಮುಚ್ಚಿದೆವು. ಡಾಕ್ಟರು ಹೇಳಿದಂತೆ, ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ತುಂಡಿನಿಂದ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿದೆ. ಹತ್ತು ದಿನಗಳಲ್ಲಿ ಕಣ್ಣು ತಿಳಿಯಾಯಿತು. ಬಿಲ್ಡರ ವಿರುದ್ಧ ಮೂರನೆಯ ಅರ್ಜಿಯೂ ಹೋಯಿತು. ಪರದೆ ಇನ್ನೂ ಬಂದಿಲ್ಲ.

ನನ್ನ ತಪ್ಪನ್ನು ಅತ್ತೆಯ ಮುಂದೆ ಒಪ್ಪಿಕೊಂಡೆ. ಆಗಲಿ ಬಿಡು ಎಂದರು. ಆದರೆ ಅಂದಿನಿಂದ, ಮಗು ಅತ್ತರೂ ಅವರು ಒಮ್ಮೆಲೇ ಎತ್ತಿಕೊಳ್ಳುವುದಿಲ್ಲ. ಸಾಬೂನು ಹಚ್ಚಿ ಕೈ ತೊಳೆದು, ಒದ್ದೆ ಅಂಗೈಗಳನ್ನು ನನ್ನತ್ತ ಚಾಚಿ ನಿಲ್ಲುತ್ತಾರೆ.

“ಮುಟ್ಟಲೇನವಾ?”